ಕಟ್ಟೆಯಾದ ಮಾಳಿಗೆ ಮಣ್ಣು

ಮೃಗಶಿರಾ ಮಳೆ ಹಿಡಿಯುವ ಮುಂಚೆ ನನ್ನ ಪಾಲಿನ ಮಾಳಿಗೆಗೆ ನಾನು ಮಣ್ಣು ಹಾಕಬೇಕಿತ್ತು, ಹಾಕಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವಾಗ ಕೈ ನಡುಗುವುದಿಲ್ಲ ಎಂದುಕೊಂಡಿದ್ದೆ, ಈಗಲೂ ನಡುಗುತ್ತಿದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನ ಕೈ ಪೆನ್ನು ಹಿಡಿದರೆ ಹೇಗೂ ನಡುಗುತ್ತದೆ. ಆದ್ದರಿಂದ ಇದೆಲ್ಲ ಪಶ್ಚಾತ್ತಾಪದ ನಡುಕ ಎಂದು ಯಾರೂ ನಂಬಬೇಕಾಗಿಲ್ಲ.

ನಮ್ಮ ಚಿತ್ತಾಪುರದ ಹಳೆಯ ಮನೆಗಳಿಗೆ ತೊಲೆಯ ಮೇಲೆ ಫರಸಿ ಹಾಸುಗಲ್ಲು, ಫರಸಿಯ ಮೇಲೆ ಗೇಣು ಮಣ್ಣು; ಈ ಚಾವಣಿಯೇ ಮಾಳಿಗೆ. ಪ್ರತಿ ಬೇಸಿಗೆಯಲ್ಲಿ ಮೇಲೆ ಹತ್ತಿ ಹುಲ್ಲು ಕಿತ್ತು, ಹೊಸ ಸವಳು ಮಣ್ಣು ಹರಡಿ, ನೀರು ಚಿಮುಕಿಸಿ ತುಳಿಯಬೇಕು. ಸವಳೆಂದರೆ ಉಪ್ಪು ಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಮನುಷ್ಯನ ತಲೆಗೂ ವರ್ಷಕ್ಕೊಮ್ಮೆ ಹೀಗೆ ಸವಳು ಹಾಕಿ ತುಳಿಯುವ ಪದ್ಧತಿ ಇದ್ದಿದ್ದರೆ ನನ್ನ ತಲೆಯಲ್ಲಿ ಅಷ್ಟು ಸಂಶಯ ಬೆಳೆಯುತ್ತಿರಲಿಲ್ಲ.

ಅಪ್ಪ ಸಾಯುವ ಮುಂಚೆ ಮನೆಯನ್ನು ನಡುವೆ ಗೋಡೆ ಹಾಕಿ ಪಾಲು ಮಾಡಿದ್ದ. ಪಡುವಣದ ಅಂಕಣಗಳು ನನಗೆ, ಮೂಡಣದವು ಅಕ್ಕನಿಗೆ. ಗಂಡ ತೀರಿಕೊಂಡ ಮೇಲೆ ಅವಳು ಚಿಂಚೋಳಿಯ ಅತ್ತೆಮನೆ ಬಿಟ್ಟು ಬಂದವಳು. ಆ ಅಂಕಣಗಳನ್ನು ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ತನ್ನದೆನ್ನುವ ಸೂರಿಲ್ಲ. ನನ್ನದು ವಾಡಿಯಲ್ಲಿ ರೈಲು ಹಳಿಯ ಗ್ಯಾಂಗಿನ ನೌಕರಿ. ಹಳಿಯ ಬುಡದಲ್ಲಿ ನೀರು ನಿಲ್ಲದಂತೆ ಜಲ್ಲಿ ಬಡಿಯುವುದೇ ಕೆಲಸ. ಹಗಲೆಲ್ಲ ಸರ್ಕಾರದ ನೀರು ಕಾಯ್ದವನು ಸಂಜೆ ಮನೆಯ ನೀರನ್ನೂ ಏಕೆ ಕಾಯಬೇಕು ಎಂಬುದು ನನ್ನ ವಾದವಾಗಿತ್ತು.

ಆ ಬೇಸಿಗೆ ಅಕ್ಕ ಬಂಡಿಯಲ್ಲಿ ಸವಳು ತರಿಸಿ, ತನ್ನ ಪಾಲನ್ನು ತಾನೇ ಬುಟ್ಟಿಯಲ್ಲಿ ಹೊತ್ತು ಹಾಕಿ ತುಳಿದಳು. ನನ್ನ ಪಾಲು ಬಾಗಿಲ ಮುಂದೆ ಗುಡ್ಡೆಯಾಗಿ ಕುಳಿತಿತ್ತು. ಒಂದು ಸಂಜೆ ಅದರ ಮೇಲೆ ನಾನೂ ಕುಳಿತೆ. ಬಹಳ ಹಿತವಾಗಿತ್ತು. ಅಂಚು ತಟ್ಟಿ, ಮೇಲೊಂದು ಫರಸಿ ಇಟ್ಟೆ. ವಾರದೊಳಗೆ ಓಣಿಯ ಗಂಡಸರೆಲ್ಲ ಬಂದು ಎಲೆಯಡಿಕೆ ಹಾಕುವ ಕಟ್ಟೆಯಾಯಿತು. ಮಾಳಿಗೆಗೆ ಹಾಕಿ ಉಳಿದ ಮಣ್ಣು ಎಂದು ಅಕ್ಕನಿಗೆ ಹೇಳಿದೆ. “ಭಾಳ ಉಳಿಸೀದಿ ತಮ್ಮಾ” ಎಂದಳು. ಅದು ಮೆಚ್ಚುಗೆಯೋ ಚುಚ್ಚುಮಾತೋ ಎಂಬ ಸಂಶಯ ಅಂದೇ ಹತ್ತಿತು.

ಮಳೆ ಬಂತು. ಮಣ್ಣು ಹಾಕದ ನನ್ನ ಮನೆ ಒಣಗಿಯೇ ಇತ್ತು. ಮಣ್ಣು ಹಾಕಿದ ಅಕ್ಕನ ಮನೆ ಸೋರಿತು. ಇದರಲ್ಲಿ ಏನೋ ಇದೆ ಎಂದುಕೊಂಡೆ. ಮೊದಲು ಪಕ್ಕದ ಮನೆಯ ಆಡಿನ ಮೇಲೆ ಸಂಶಯ ಬಂತು. ಅದು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವ ಜಾತಿಯದು. ಆಮೇಲೆ ಮಂಗಗಳ ಮೇಲೆ. ಕೊನೆಗೆ ಅಕ್ಕನ ಮೇಲೆಯೇ. ತಾನೇ ಕೊಡದಿಂದ ನೀರು ಸುರಿದು, ತನ್ನ ಪಾಲು ಕೆಟ್ಟಿತೆಂದು ಹೇಳಿ, ನನ್ನ ಒಣ ಅಂಕಣಗಳನ್ನು ಕೇಳುವ ಹೂಟವಿರಬಹುದು. ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಿಮ್ಮ ಬುದ್ಧಿ ಎಲ್ಲಿ ಸೋರ್ಲಿಕತ್ತದ, ಮೊದಲು ಅದು ನೋಡ್ರಿ” ಎಂದಳು. ಅವಳೂ ಅಕ್ಕನ ಕಡೆ ಸೇರಿದ್ದಾಳೆಂದು ತಿಳಿದೆ.

ಅಕ್ಕ ಒಳಗೆ ಕರೆದು ತೊಲೆ ತೋರಿಸಿದಳು. ನೆಂದು ಕಪ್ಪಾಗಿತ್ತು, ನಡುವೆ ತುಸು ಬಾಗಿತ್ತು.

“ಈ ತೊಲಿ ಕುಂತರ ನಾ ಚಿಂಚೋಳಿಗೆ ಹೋಗಬೇಕಾಗ್ತದ. ಅಲ್ಲಿ ಉಣ್ಣಲಿಕ್ಕ ಹಾಕ್ತಾರ ತಮ್ಮಾ, ಕುಂದ್ರಲಿಕ್ಕ ಜಾಗ ಕೊಡಂಗಿಲ್ಲ.”

ಆಗ ನನ್ನ ಮನಸ್ಸಿನ ಒಂದು ಮೂಲೆ, ಅವಳು ಹೋದರೆ ಈ ಅಂಕಣಗಳು ಯಾರಿಗೆ ಎಂದು ಕೇಳಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಕೇಳಿತು. ಅದನ್ನು ಮುಚ್ಚಿಕೊಳ್ಳಲು ನಾನು ಇನ್ನಷ್ಟು ಜೋರಾಗಿ ತನಿಖೆಗೆ ಇಳಿದೆ. ತೊಟ್ಟಿಕ್ಕುವ ನೀರಿಗೆ ಬೆರಳೊಡ್ಡಿ ನೆಕ್ಕಿದೆ. ನಮ್ಮ ಬಾವಿಯ ನೀರು ಗಡಸು. ಕೊಡದಿಂದ ಸುರಿದಿದ್ದರೆ ನಾಲಿಗೆಗೆ ಸಿಕ್ಕಿಬೀಳಬೇಕು. ಬಾವಿಯ ರುಚಿ ಇರಲಿಲ್ಲ, ಉಪ್ಪಿನ ರುಚಿಯೂ ಇರಲಿಲ್ಲ. ಗೆದ್ದವನಂತೆ ತಿರುಗಿದೆ.

“ಅಕ್ಕಾ, ಈ ನೀರು ಸಪ್ಪಗದ. ನೀ ಸವಳು ಹಾಕಿದ್ದು ಖರೆ ಆಗಿದ್ರ ಉಪ್ಪು ಹತ್ತಬೇಕಿತ್ತು.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಚ್ಚಣಿಕೆ ತಂದು ಗೋಡೆಗೆ ಆನಿಸಿದಳು. ನಾನು ಮುಂದೆ, ಅವಳು ಹಿಂದೆ. ಅವಳ ಪಾಲು ಸಾರಿಸಿದ ಅಂಗಳದಂತೆ ಬೋಳಾಗಿ ಬೆಳ್ಳಗಿತ್ತು. ನನ್ನ ಪಾಲಿನಲ್ಲಿ ಮೊಣಕಾಲುದ್ದ ಹುಲ್ಲು. ಅದರ ನಡುವೆ ಪಕ್ಕದ ಮನೆಯ ಆಡು ನಿಂತು ಮೇಯುತ್ತಿತ್ತು; ಆ ವರ್ಷ ನನ್ನ ಮಾಳಿಗೆಯ ಕಡೆ ಲಕ್ಷ್ಯ ಕೊಟ್ಟದ್ದು ಅದೊಂದೇ. ಸವಳಿಲ್ಲದ ಹುಲ್ಲಿನ ಬುಡದಲ್ಲಿ ಸಪ್ಪಗೆ ಇಳಿದ ನೀರು ಫರಸಿಯ ಇಳಿಜಾರು ಹಿಡಿದು ಅಕ್ಕನ ತೊಲೆಗೆ ಹೋಗುತ್ತಿತ್ತು. ಅಪ್ಪ ಪಾಲಿನ ಗೋಡೆ ಹಾಕಿದ್ದು ಕೆಳಗೆ; ಮೇಲಿನ ನೀರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಅಕ್ಕ ಬೈಯಲಿಲ್ಲ. ಕೆಳಗೆ ಬಾಗಿಲ ಮುಂದೆ ನೋಡುತ್ತ, “ಕಟ್ಟಿ ಮಾತ್ರ ಛಲೋ ಆಗ್ಯದ” ಎಂದಳು.

ಮಳೆ ಬಿಟ್ಟ ದಿನ ತೊಲೆಗೆ ಕಂಬದ ಆಸರೆ ಕೊಟ್ಟು, ಕಟ್ಟೆ ಒಡೆದು ಮಣ್ಣು ಹೊತ್ತೆ. ಕುಳಿತುಕೊಳ್ಳುವ ಜಾಗ ಕಳೆದುಕೊಂಡ ಓಣಿಯವರು ಗೋಡೆಗೊರಗಿ ನಿಂತು, ಮಣ್ಣು ಮೇಲೆ ಹೋಗುವುದನ್ನು ದುಃಖದಿಂದ ನೋಡಿದರು. ತುಳಿಯುವುದು ಮುಗಿದಾಗ ಅಕ್ಕ ಕೆಳಗೆ ತೊಲೆಯ ಹತ್ತಿರ ನಿಂತಿದ್ದಳು. ನಾನು ಅವಳ ಮಾಳಿಗೆಯ ಬೆಳಕಿಂಡಿಯ ಬಳಿ ಕುಕ್ಕುರುಗಾಲಲ್ಲಿ ಕುಳಿತು, ಒಂದು ಮಾತನ್ನು ಸಣ್ಣ ದನಿಯಲ್ಲಿ ಕೆಳಗೆ ಬಿಟ್ಟೆ.

“ಕೇಳಿಸಲಿಲ್ಲ” ಎಂದಳು.

ನಡುಗೋಡೆಯಾಚೆ ನಾನೂ ಹೆಂಡತಿಯೂ ಪಿಸುಗುಟ್ಟಿ ಜಗಳಾಡಿದರೂ ಕೇಳಿಸಿಕೊಳ್ಳುವ ಕಿವಿ ಅದು. ಕೇಳಿಸಿಲ್ಲವೆಂಬುದರ ಮೇಲೆ ನನಗೆ ಈಗಲೂ ಸಂಶಯವಿದೆ. ಆದರೂ ಓಣಿಯವರೆಲ್ಲ ಕತ್ತೆತ್ತಿ ನೋಡುವ ಹಾಗೆ ಕೂಗಿ ಹೇಳಿದೆ:

“ಅಕ್ಕಾ, ನಾ ಮಣ್ಣು ಹಾಕಿರಲಿಲ್ಲ. ಸುಳ್ಳು ಹೇಳಿದೆ. ನನ್ನ ನೀರು ನಿನ್ನ ಮನಿ ಕೆಡಿಸ್ತು, ನಾ ನಿನ್ನ ಮ್ಯಾಲೆ ಸಂಶಯ ಪಟ್ಟೆ. ತಪ್ಪಾಯ್ತು. ನೀ ಚಿಂಚೋಳಿಗೆ ಹೋಗಬ್ಯಾಡ.”