ಕತ್ತರಿಗೊಂದು ಸೀಟು

ಟೈಲರ್ ಹೊಲಿದಿಟ್ಟಿದ್ದ ಶಾಲಾ ಸಮವಸ್ತ್ರದ ಅಂಗಿಗೆ ಬೆಳಿಗ್ಗೆ ಎದ್ದು ನೋಡಿದರೆ ಒಂದೇ ತೋಳು. ಇನ್ನೊಂದು ತೋಳು ಅವನ ಮೂರು ವರ್ಷದ ಮಗಳ ಗೊಂಬೆಗೆ ಲಂಗವಾಗಿತ್ತು. ಅಪ್ಪನ ಕತ್ತರಿ ಕೈಗೆಟುಕಿದ ದಿನದಿಂದ ಬೀದಿಯವರೆಲ್ಲ ಅವಳನ್ನು ಕರೆಯುವುದೇ ‘ಕತ್ತರಿ’ ಎಂದು.

“ಇವತ್ತು ಸೀಟು ಸಿಗದಿದ್ರೆ ನಾನು ಕೆಲಸಕ್ಕೆ ಹೋದ ಹಾಗೇ!” ಎಂದಳು ಹೆಂಡತಿ. ನಾಳೆಯಿಂದ ಅವಳಿಗೆ ಆಸ್ಪತ್ರೆಯಲ್ಲಿ ಹೊಸ ಕೆಲಸ. ಕತ್ತರಿ ಸರ್ಕಾರಿ ಶಿಶುವಿಹಾರಕ್ಕೆ ಸೇರದ ಹೊರತು ಅವಳು ಹೊರಡುವಂತಿಲ್ಲ, ಇವನು ಹೊಲಿಯುವಂತಿಲ್ಲ. ಸೀಟು ಕೊಡುವ ಮೊದಲು ಮನೆ ನೋಡಲು ಇಲಾಖೆಯ ಮೇಡಂ ಮಧ್ಯಾಹ್ನ ಬರುವವರಿದ್ದರು.

ಇದನ್ನು ಎದುರುಮನೆ ಅಜ್ಜಿಯ ಕಿವಿಗೆ ಹಾಕಿದ್ದೇ ಟೈಲರ್ ಮಾಡಿದ ತಪ್ಪು.

“ಮನೆ ನೋಡೋಕಾ? ಮಗು ಬೆಳೆಯೋ ಮನೆ ಹೀಗಿರುತ್ತೇನೋ? ಸೂಜಿ, ಕತ್ತರಿ, ಚಿಂದಿ! ಮಗೂನೇ ಎತ್ಕೊಂಡು ಹೋಗ್ತಾರೆ ಕಣೋ!”

ಟೈಲರ್ ಮಗಳನ್ನು ಎತ್ತಿಕೊಂಡ. “ಅಜ್ಜೀ, ನಾನು ಕೇಳಿರೋದು ಬರೀ ಸೀಟು...”

“ನೀನು ಬಾಯಿ ಮುಚ್ಚು. ಮೇಷ್ಟ್ರೇ, ಬನ್ನಿ ಇಲ್ಲಿ! ಏ ಬಡಗಿ, ಎಲ್ಲಿ ಸತ್ತೆಯೋ?”

ಬೀದಿಗೆ ಬೀದಿಯೇ ಒಳಗೆ ನುಗ್ಗಿತು. ಬಡಗಿ ಮರದ ಕುದುರೆ, ಜಾರುಬಂಡೆ ಹೊತ್ತು ತಂದ. ನಿವೃತ್ತ ಮೇಷ್ಟ್ರು ಗೋಡೆ ತುಂಬ ಅಕ್ಷರಮಾಲೆ ಅಂಟಿಸಿದರು. ಹೊಲಿಗೆ ಯಂತ್ರವನ್ನು ಸೂಜಿ, ಕತ್ತರಿ, ಬಟ್ಟೆಗಳ ಸಮೇತ ಬಚ್ಚಲಿಗೆ ಸಾಗಿಸಿದರು. ಅದು ತರಗತಿಯಿಂದ ಹೊರಹಾಕಿಸಿಕೊಂಡ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತು.

“ಒಂಟಿ ಮಗು ಮಂಕಾಗಿ ಕಾಣುತ್ತೆ, ಜೊತೆಗಾರರು ಬೇಕು,” ಎಂದರು ಮೇಷ್ಟ್ರು. ಹೇಳಿದ್ದೇ ತಡ, ಎಲ್ಲರೂ ತಂತಮ್ಮ ಮಕ್ಕಳನ್ನು ತಂದು ಸುರಿದರು. ಒಂದು ಕೂಗಿತು, ಒಂದು ಕಚ್ಚಿತು, ಕಚ್ಚಿಸಿಕೊಂಡದ್ದು ಸೂರು ಹಾರುವಂತೆ ಅತ್ತಿತು. ಸಮಾಧಾನ ಮಾಡಲು ಬೇರೆ ದಾರಿ ಕಾಣದೆ ಟೈಲರ್ ಅಂಬೆಗಾಲಿಟ್ಟು ಆನೆಯಾದ. ಮೂರು ಮಕ್ಕಳು ಬೆನ್ನೇರಿ, ಕತ್ತರಿ ಅವನ ಕಿವಿ ಹಿಡಿದು ಮಾವುತಳಾಗಿ ಹೊರಟ ಹೊತ್ತಿಗೆ ಬಾಗಿಲಲ್ಲಿ ಮೇಡಂ!

“ದಿನಾ ಹೀಗೇ ಆಡಿಸ್ತೀರಾ?”

ಆನೆ ಬಾಯಿ ತೆರೆಯುವ ಮೊದಲೇ ಅಜ್ಜಿ ಹಾರಿ ಬಂದಳು. “ದಿನಾ ಮೇಡಂ! ಮಕ್ಕಳಂದ್ರೆ ಪ್ರಾಣ ಬಿಡ್ತಾನೆ!”

ಮೇಡಂ ಕಿಟಕಿ ಅಲ್ಲಾಡಿಸಿ ನೋಡಿದರು, ಕೋಣೆಯ ಉದ್ದಗಲ ನಡೆದರು, ಬಚ್ಚಲಿಗೆ ಇಣುಕಿದರು. “ಇಲ್ಲೇನು ಹೊಲಿಗೆ ಯಂತ್ರ?”

“ಅದು ಗುಜರಿಗೆ ಹಾಕೋದು ಮೇಡಂ,” ಎಂದಳು ಅಜ್ಜಿ. ಟೈಲರ್ ಬಚ್ಚಲ ಬಾಗಿಲಿಗೆ ಅಡ್ಡ ನಿಂತ.

“ಸೀಟು ಕೊಟ್ಟಿದ್ದೀನಿ!” ಎಂದರು ಮೇಡಂ. ಬೀದಿಯೆಲ್ಲ ಕೇಕೆ ಹಾಕಿತು. ಟೈಲರ್ ಅಜ್ಜಿಯ ಕಾಲಿಗೇ ಬಿದ್ದ.

ಮೇಡಂ ಮುಂದುವರಿಸಿದರು. “ನಮ್ಮ ಶಿಶುವಿಹಾರದ ಚಾವಣಿ ಕುಸಿದಿದೆ, ಜಾಗ ಹುಡುಕಿ ಹುಡುಕಿ ಸಾಕಾಗಿತ್ತು. ಇಷ್ಟು ಸಜ್ಜಾಗಿರೋ ಮನೆ ನಾನು ಕಂಡೇ ಇಲ್ಲ! ಕಟ್ಟಡ ರಿಪೇರಿ ಆಗೋವರೆಗೆ ಶಿಶುವಿಹಾರ ಇಲ್ಲೇ ನಡೀಲಿ. ನೋಡ್ಕೊಳ್ಳೋಕೆ ಹೇಗೂ ನೀವಿದ್ದೀರಲ್ಲ?”

“ಮೇಡಂ, ನಾನು ಟೈಲ...”

“ಆಗಲಿ ಮೇಡಂ!” ಎಂದಳು ಹೆಂಡತಿ. ನಾಳೆ ಉಡುವ ಸೀರೆ ಅವಳ ಕೈಯಲ್ಲಿ ಆಗಲೇ ಇತ್ತು.

ಮೇಡಂ ಹೋದ ಮೇಲೆ ಟೈಲರ್ ಕೈಮುಗಿದ. “ನಿಮ್ಮ ನಿಮ್ಮ ಸಾಮಾನು ತಗೊಂಡು ಹೋಗ್ರಪ್ಪಾ.”

“ಇರಲಿ ಬಿಡೋ, ನಾಳೆ ನಮ್ಮ ಮಕ್ಕಳಿಗೇ ಬೇಕಲ್ಲ!” ಎಂದ ಬಡಗಿ.

ಆ ಒಂಟಿ ತೋಳಿನ ಅಂಗಿಗಾದರೂ ಗತಿ ಕಾಣಿಸೋಣವೆಂದು ಟೈಲರ್ ಬಚ್ಚಲಿಗೆ ಹೋದ. ಕತ್ತರಿ ಅಲ್ಲೇ ಕುಳಿತಿದ್ದಳು. ಗೊಂಬೆಗೆ ಕುಪ್ಪಸವೂ ಸಿದ್ಧವಾಗಿತ್ತು.