ಸಿ.ಡಿ. ನೈಂಟಿ ಮತ್ತು ನನ್ನ ಡಬರಿ

ಮನುಷ್ಯರನ್ನಾಗಲಿ ಸಾಮಾನನ್ನಾಗಲಿ ಗುರುತು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟ್ರು ನನ್ನ ಕಾಟ ತಾಳಲಾರದೆ ಪಾಸು ಮಾಡಿದ್ದು. ಆದರೆ ಕಣ್ಣು ಚುರುಕು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ಬೆನ್ನು ನೋಡಿಯೇ ಇಂಥವರ ಮನೆ ಸೊಸೆ ಎಂದುಬಿಡುತ್ತೇನೆ. ಒಂದು ಸಲ ಹಾಗೇ ಒಬ್ಬಳನ್ನು ನಿಲ್ಲಿಸಿಕೊಂಡು ಅವಳ ಅತ್ತೆಯನ್ನು ಚೆನ್ನಾಗಿ ಬೈದೆ. ಅವಳು ಬೇರೆ ಯಾರದೋ ಸೊಸೆಯಂತೆ. ಆದರೂ ಕಡೆಯವರೆಗೆ ತಲೆಯಾಡಿಸುತ್ತ ಕೇಳಿದಳು. ಅತ್ತೆಯರೆಲ್ಲ ಒಂದೇ ಥರ ಇರುವುದರಿಂದ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಡಬರಿಯಿಂದ. ಭದ್ರಾವತಿಯಲ್ಲಿ ನಮ್ಮ ಗೋಡೆಗೆ ಅಂಟಿದಂತೆ ಸೆಲ್ವಿಯ ಮನೆ. ಸಂಜೆ ಅವಳು ಕೊಡುವ ಕಾಫಿ ಕುಡಿಯದೆ ನನಗೆ ಹೊತ್ತು ಮುಳುಗುವುದಿಲ್ಲ. ಅವಳು ತನ್ನ ಮಗಳ ಸೀಮಂತಕ್ಕೆ ಪಾಯಸ ಮಾಡಲು ನನ್ನ ಮದುವೆಯ ಸ್ಟೀಲ್ ಡಬರಿ ಒಯ್ದಳು. ಮರುದಿನ ತಂದಿಟ್ಟದ್ದು ಥಳಥಳ ಹೊಳೆಯುತ್ತಿತ್ತು. ಆಗಲೇ ಅನುಮಾನ ಬಂತು. ನನ್ನ ಡಬರಿ ಹೊಳೆದದ್ದನ್ನು ನಾನೇ ಕಂಡಿಲ್ಲ! ಅವಳ ಅಡುಗೆಮನೆಯಲ್ಲಿ ಇಣುಕಿದರೆ ಅದೇ ಅಳತೆಯ, ಕರ್ರಗೆ ಮಸಿ ಹಿಡಿದ ಡಬರಿ ಕೂತಿದೆ. ನನ್ನದರ ಹಾಗೇ ಅಂಚಿನಲ್ಲಿ ನೆಗ್ಗು ಬೇರೆ.

"ನನ್ನ ಡಬರಿ ಕೊಡೇ ಸೆಲ್ವಿ. ನೆಗ್ಗು ನೋಡಿದ ಮೇಲೂ ಸುಳ್ಳು ಹೇಳ್ತೀಯಾ?" ಎಂದೆ.

"ಅಯ್ಯೋ ಅಕ್ಕಾ, ನೆಗ್ಗು ಯಾವ ಡಬರೀಲಿಲ್ಲ? ನಮ್ಮ ಯಜಮಾನ್ರ ತಲೇಲೂ ಐತೆ. ಅವರನ್ನೂ ತಗೊಂಡು ಹೋಗ್ತೀರಾ?"

ಅಲ್ಲಿಗೆ ಮಾತು ನಿಂತಿತು, ಕಾಫಿಯೂ ನಿಂತಿತು. ವಾಸನೆ ಮಾತ್ರ ಗೋಡೆ ದಾಟಿ ಬಂದು ಹೊಟ್ಟೆ ಉರಿಸುತ್ತಿತ್ತು.

ಆ ಉರಿಯಲ್ಲಿರುವಾಗಲೇ ಇನ್ನೊಂದು ಸಿಡಿಲು. ಮೊಮ್ಮಗಳು ಚೈತ್ರಾ ನನ್ನ ಜೊತೆಗಿದ್ದುಕೊಂಡು, ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಎಂ.ಎಸ್ಸಿ. ಓದುತ್ತಾಳೆ. ಗೆಳತಿಯ ಹತ್ತಿರ ಫೋನಿನಲ್ಲಿ ಕುಣಿಯುತ್ತಿದ್ದಳು: "ಸಿ.ಡಿ. ನೈಂಟಿ ಇದೆ ಕಣೇ! ಸೆವೆಂಟಿ ತ್ರೀನೂ ಸಿಕ್ತು! ಥರ್ಟಿ ಫೋರ್ ಏನಾದ್ರೂ ಇದ್ದುಬಿಟ್ರೆ ಮಾತ್ರ ನಮ್ಮ ಕಾಂಡಕೋಶದ ಕಥೆ ಮುಗೀತು!"

ನಮ್ಮ ರಾಜ್ಯದಲ್ಲಿ ಸಿ.ಡಿ. ಎಂದರೆ ಏನರ್ಥ ಎಂದು ಟಿ.ವಿ. ಇರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಸಾಲದೆಂದು ನೈಂಟಿ! ಅದರ ಮೇಲೊಂದು ಕಾಂಡ!

"ಯಾರ ಸಿ.ಡಿ.ನೇ ಅದು? ನಿನ್ನ ಕೈಗೆ ಹೆಂಗೆ ಬಂತು? ನೈಂಟಿ ಕುಡಿದೋರು ಯಾರು?"

ಚೈತ್ರಾ ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು. "ಅಜ್ಜೀ, ಮಾರಾಯ್ತಿ, ಅದು ಜೀವಕೋಶದ ಮೈಮೇಲಿರೋ ಗುರುತು!"

ಆಮೇಲೆ ಬಿಡಿಸಿ ಹೇಳಿದಳು. ನಮ್ಮ ಎಲುಬಿನ ಮಜ್ಜೆಯಲ್ಲಿ, ಕೊಬ್ಬಿನಲ್ಲಿ ಕಾಂಡಕೋಶ ಎಂಬ ಒಂದು ಜಾತಿಯ ಕೋಶಗಳಿವೆಯಂತೆ. ಬೇಕಾದರೆ ಎಲುಬಾಗುತ್ತವೆ, ಬೇಕಾದರೆ ಕೊಬ್ಬಾಗುತ್ತವೆ. ನನ್ನಲ್ಲಿ ಎಲ್ಲವೂ ಕೊಬ್ಬಾಗುವುದನ್ನೇ ಆರಿಸಿಕೊಂಡಂತಿದೆ. ನೋಡಲು ಬೇರೆ ಕೋಶಗಳ ಹಾಗೇ ಇರುವುದರಿಂದ, ಮೈಮೇಲಿನ ಗುರುತಿಗೆ ಅಂಟುವ ವಸ್ತುವಿಗೆ ಹೊಳೆಯುವ ಬಣ್ಣ ಕಟ್ಟಿ ಅವುಗಳ ಮೇಲೆ ಬಿಡುತ್ತಾರೆ. ಎಪ್ಪತ್ತಮೂರು, ತೊಂಬತ್ತು, ನೂರೈದು ಎಂಬ ಮೂರು ಗುರುತೂ ಹೊಳೆಯಬೇಕು.

"ಬರೀ ತೊಂಬತ್ತು ಇದ್ರೆ ಸಾಲದಾ?"

"ಸಾಲಲ್ಲ ಅಜ್ಜಿ. ಅದು ಬೇರೆ ಕೋಶಗಳ ಮೇಲೂ ಇರುತ್ತೆ. ಮೂರೂ ಇರಬೇಕು. ಜೊತೆಗೆ ಮೂವತ್ನಾಲ್ಕು, ನಲವತ್ತೈದು ಅಂಥವು ಇರಲೇಬಾರದು. ಅವು ರಕ್ತದ ಕಡೆಯವು."

ನಾನು ದಡಕ್ಕನೆ ಎದ್ದೆ. ನೆಗ್ಗು ಒಂದೇ ಇದ್ದರೆ ಸಾಲದು! ಸೆಲ್ವಿ ಗೆದ್ದದ್ದು ಅಲ್ಲೇ ತಾನೇ? ನನ್ನ ಡಬರಿಗೂ ಮೂರು ಗುರುತಿದೆ: ಅಂಚಿನ ನೆಗ್ಗು, ಅಲ್ಲಾಡುವ ಎಡಗಡೆಯ ಹಿಡಿ, ಮಸಿ. ಚೈತ್ರಾಳ ಕೈ ಹಿಡಿದು ಎಳೆದುಕೊಂಡೇ ಪಕ್ಕದ ಮನೆಗೆ ನುಗ್ಗಿದೆ.

"ಇಳಿಸೇ ಡಬರೀನ! ಸೈನ್ಸ್ ಪ್ರಕಾರ ನೋಡೋಣ!"

ನೆಗ್ಗು ಇತ್ತು. ಹಿಡಿ ಅಲ್ಲಾಡಿತು. ಮಸಿಯಂತೂ ಕೈಗೇ ಬಂತು. "ಮೂರಕ್ಕೆ ಮೂರು!" ಎಂದು ನಾನು ವಯಸ್ಸಲ್ಲದ ವಯಸ್ಸಿನಲ್ಲಿ ಕುಣಿದೇಬಿಟ್ಟೆ.

"ಅಜ್ಜಿ, ಇರಬಾರದ್ದನ್ನ ನೋಡೇ ಇಲ್ಲ," ಎಂದಳು ಚೈತ್ರಾ. ನನ್ನ ಸೆರಗನ್ನೇ ಒದ್ದೆ ಮಾಡಿ ಡಬರಿಯ ಹೊಟ್ಟೆ ಒರೆಸಿದಳು. ಮಸಿಯ ಕೆಳಗಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಎದ್ದು ಬಂತು. ತಮಿಳು.

"ನಮ್ಮಮ್ಮನ ಹೆಸರು," ಎಂದಳು ಸೆಲ್ವಿ. "ಅವತ್ತು ಎರಡನ್ನೂ ಸೌದೆ ಒಲೆ ಮೇಲಿಟ್ಟಿದ್ವಿ ಅಕ್ಕಾ. ನಿಮ್ಮದಲ್ವಾ ಅಂತ ಅದನ್ನೇ ಮೊದಲು ಹುಣಸೆಹಣ್ಣು ಹಾಕಿ ತಿಕ್ಕಿದೆ. ಎರಡು ದಿನ ಭುಜ ನೋವು ನನಗೆ."

ಮನೆಗೆ ಬಂದು ಹೊಳೆಯುವ ಡಬರಿ ತಿರುಗಿಸಿದೆ. ನೆಗ್ಗು ಇದೆ, ಹಿಡಿ ಅಲ್ಲಾಡುತ್ತದೆ. ಹೊಟ್ಟೆಯ ಮೇಲೆ ಚುಕ್ಕೆ ಅಕ್ಷರ. ಬೆರಳಿಟ್ಟು ಒಂದೊಂದೇ ಕೂಡಿಸಿ ಓದಿದೆ: ಹೊಳೆಹೊನ್ನೂರು ಸಾವಿತ್ರಮ್ಮ. ನಾನೇ! ಮದುವೆಯಲ್ಲಿ ಮಾವ ಕೊರೆಸಿದ್ದು. ಇಷ್ಟು ವರ್ಷದ ಮಸಿಯಡಿ ನನ್ನ ಹೆಸರು ನನಗೇ ಕಾಣದ ಹಾಗೆ ಮುಚ್ಚಿಹೋಗಿತ್ತು.

ಕ್ಷಮೆ ಗಿಮೆ ಕೇಳುವುದು ನನಗೆ ಬರುವುದಿಲ್ಲ. ಸಂಜೆ ಲೋಟ ಹಿಡಿದು ಸೆಲ್ವಿಯ ಬಾಗಿಲಲ್ಲಿ ಸುಮ್ಮನೆ ನಿಂತೆ. ಅವಳು ಕಾಫಿ ಬಗ್ಗಿಸುತ್ತ ಚೈತ್ರಾಳನ್ನು ಕರೆದು ಹೇಳಿದಳು:

"ನಿಮ್ಮಜ್ಜೀನ ಗುರುತು ಹಿಡಿಯೋದು ಬಲು ಸುಲಭ ಕಣಮ್ಮ. ಬಾಯಿ ಇರಬೇಕು. ಪಾತ್ರೆ ತಿಕ್ಕೋ ನಾರು ಇರಬಾರದು."

ಬಾಯಿಯಿತ್ತು, ಬಿಸಿ ಕಾಫಿ ಹೀರಿದೆ; ಕೈಯಲ್ಲಿ ಲೋಟವಿತ್ತು, ನಾರಿರಲಿಲ್ಲ. ಆ ಪರೀಕ್ಷೆಯಲ್ಲಿ ಮಾತ್ರ ನಾನು ಯಾವ ಮೇಷ್ಟ್ರ ದಯೆಯೂ ಇಲ್ಲದೆ ಪಾಸು.