ಹತ್ತಿ ರೋಗಿಯ ಆಪರೇಷನ್

ಕಿರಿಯರು ಹಿರಿಯರಿಗೆ ಎದುರಾಡದೆ ಇರುವುದರ ಮೇಲೆಯೇ ಮಾನವ ಸಮಾಜದ ಸಮಸ್ತ ವ್ಯವಸ್ಥೆಯೂ ನಿಂತಿದೆ ಎಂಬುದು ನನ್ನ ದೃಢವಾದ ನಂಬಿಕೆ. ನಾನು ಕಿರಿಯನಾಗಿದ್ದಾಗ ಈ ನಂಬಿಕೆ ನನಗಿರಲಿಲ್ಲ. ಗದಗಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಜನರ ಹೊಟ್ಟೆ ಕೊಯ್ದು ಹೊಲಿಯುವ ಕೆಲಸ ಮಾಡುತ್ತಿದ್ದೇನೆ. ಅಷ್ಟು ವರ್ಷಗಳಲ್ಲಿ ಆಪರೇಷನ್ ಥಿಯೇಟರಿನೊಳಗೆ ನನಗೆ ಎದುರು ಸದ್ದು ಮಾಡಿದ್ದು ಒಂದು ಹಳೆಯ ಏಸಿ ಮಾತ್ರ. ಅದನ್ನೂ ಬದಲಾಯಿಸಿದ್ದಾಯಿತು.

ಹೀಗೆ ಶಾಂತಿ ನೆಲೆಸಿರುವಾಗ, ಅರಿವಳಿಕೆ ಕೊಡುವ ಡಾಕ್ಟರ್ ಶಬಾನಾ ಹೊಸದೊಂದು ಪದ್ಧತಿ ತಂದರು. ಥಿಯೇಟರಿಗೆ ಸೇರುವ ಹೊಸಬರು ಮೊದಲು ಸುಳ್ಳು ಆಪರೇಷನ್ನಿನಲ್ಲಿ ಕೂಡಿ ಕೆಲಸ ಮಾಡುವುದನ್ನು ಕಲಿಯಬೇಕಂತೆ. “ಸರ್, ನೀವು ಬೇಕಂತ ಒಂದು ತಪ್ಪು ಮಾಡಬೇಕ್ರಿ. ಅವರು ಅದನ್ನ ಹಿಡಿದು ನಿಮ್ಮನ್ನ ನಿಲ್ಲಿಸಬೇಕು,” ಎಂದರು. “ತಪ್ಪು ಮಾಡಿ ನನಗ ರೂಢಿ ಇಲ್ಲ ನೋಡವಾ,” ಎಂದೆ. ಹಿಂದೆ ನಿಂತಿದ್ದ ಹಿರಿಯ ಸಿಸ್ಟರಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಪಟ್ಟಣಗಳಲ್ಲಿ ಇಂಥ ಅಭ್ಯಾಸಕ್ಕೆ ಉಸಿರಾಡುವ, ರಕ್ತ ಸುರಿಸುವ ರಬ್ಬರಿನ ಬೊಂಬೆಗಳಿವೆಯಂತೆ. ನಾವು ಬೆಟಗೇರಿಯಲ್ಲಿ ಗಾದಿ ಹೊಲಿಯುವ ಚಾಚಾ ಅವರಿಗೆ ಹೇಳಿ ಹತ್ತಿಯ ರೋಗಿಯೊಬ್ಬನನ್ನು ಮಾಡಿಸಿದೆವು. “ಹೊಟ್ಟಿ ಎಷ್ಟು ದಪ್ಪ ಇಡಲಿ ಸಾಹೇಬ್ರ?” ಎಂದು ಕೇಳಿದ ಚಾಚಾ, ನನ್ನ ಉತ್ತರಕ್ಕೆ ಕಾಯದೆ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿದರು. ಮೇಜಿನ ಮೇಲೆ ಮಲಗಿದ ರೋಗಿಯನ್ನು ಕಂಡವರು ನನ್ನತ್ತ ಒಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರು.

ನಾನು ಮಾಡಬೇಕಾಗಿದ್ದ ತಪ್ಪು ಇಷ್ಟೆ. ರಕ್ತ ಒರೆಸಲು ಹತ್ತು ಬಟ್ಟೆ ಹೊಟ್ಟೆಯೊಳಗೆ ಹೋಗುತ್ತವೆ, ಹತ್ತೂ ಹೊರಬರಬೇಕು. ನಾನು ಒಂದನ್ನು ಒಳಗೇ ಅಡಗಿಸಿ, “ದಾರ ಕೊಡು, ಹೊಲಿಯೋಣ,” ಎನ್ನಬೇಕು. ಲೆಕ್ಕ ಇಡುವ ನರ್ಸ್ ನನ್ನನ್ನು ತಡೆಯಬೇಕು. ಆ ನರ್ಸ್ ಗಿರಿಜಾ. ಶಿರಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಥಿಯೇಟರಿನಲ್ಲೇ ಕೆಲಸ ಮಾಡಬೇಕೆಂಬುದು ಅವಳ ಒಂದೇ ಆಸೆ. ಮೂರು ಸಲದೊಳಗೆ ನನ್ನನ್ನು ತಡೆಯದಿದ್ದರೆ ಹೊರರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಗೆ ಹೋಗಬೇಕಾಗಿತ್ತು.

ಮೊದಲ ದಿನ ಅವಳು ಬಟ್ಟೆ ಎಣಿಸಿದಳು. ಕಣ್ಣು ದೊಡ್ಡವಾದವು. ನಾನು ದಾರ ಕೇಳಿದೆ. ಆಕೆ ಬಹಳ ವಿನಯದಿಂದ, “ಸರ್, ಸ್ವಲ್ಪ ಚಾ ಕುಡೀತೀರೇನ್ರಿ?” ಎಂದಳು.

ಹೊಟ್ಟೆ ತೆರೆದಿಟ್ಟುಕೊಂಡು ಚಹಾ! ಎಲ್ಲರೂ ನಕ್ಕರು. ಅವಳು ಕೆಂಪಾಗಿ, “ನಮ್ಮ ಮನ್ಯಾಗ ಅಜ್ಜಾರು ಏನರ ತಪ್ಪು ಮಾಡಾಕತ್ರ ತಪ್ಪು ಅಂತ ಹೇಳಂಗಿಲ್ರಿ. ಚಾ ತಂದು ಮುಂದ ಇಡ್ತೀವ್ರಿ. ಕುಡಿಯೂದ್ರಾಗ ಅವರಿಗೇ ತಿಳೀತೈತಿ,” ಎಂದಳು.

ನಾನೂ ನಗಲು ಹೋದವನು ನಡುವೆಯೇ ನಿಲ್ಲಿಸಿದೆ. ಕಾರಿನಲ್ಲಿ ಹೋಗುವಾಗ ನನ್ನ ಹೆಂಡತಿ ಇದ್ದಕ್ಕಿದ್ದಂತೆ, “ಇಲ್ಲೆ ಗಿರಮಿಟ್ ಚೊಲೋ ಸಿಗ್ತೈತಿ, ನಿಲ್ಲಸ್ರಿ,” ಎನ್ನುವುದುಂಟು. ಆಕೆಗೆ ಚುರುಮುರಿಯ ಗಿರಮಿಟ್ ಎಂದರೆ ಪ್ರಾಣ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಈಗ ಲೆಕ್ಕ ಹಾಕಿ ನೋಡಿದರೆ, ಹಾಗೆ ನಿಲ್ಲಿಸಿದಾಗಲೆಲ್ಲ ನಾವು ಲಕ್ಷ್ಮೇಶ್ವರಕ್ಕೆ ಹೊರಟು ಮುಂಡರಗಿಯ ರಸ್ತೆ ಹಿಡಿದಿದ್ದೆವು. ಆ ಸಂಜೆ ಮನೆಯಲ್ಲಿ ವಿಚಾರಿಸಿದೆ. “ಅಯ್ಯ, ನನಗ ಗಿರಮಿಟ್ ತಿಂದ್ರ ಎದಿ ಉರೀತೈತ್ರಿ,” ಎಂದಳು.

ಎರಡನೆಯ ಸಲ ಗಿರಿಜಾ ಏನೋ ಹೇಳಿದಳು. ಮುಖದ ಮಾಸ್ಕಿನಾಚೆಗೆ ಅದು ಬರಲಿಲ್ಲ. ಉಳಿದದ್ದು ಒಂದೇ ಸಲ. ನನಗೆ ತಡೆಯಲಾಗಲಿಲ್ಲ. ವರಾಂಡದಲ್ಲಿ ಕರೆದು, “ಜೋರಾಗಿ ಹೇಳವಾ, ನಾ ಏನ್ ಹುಲಿ ಅಲ್ಲ,” ಎಂದೆ. ಅವಳು ಕಣ್ಣು ಮುಚ್ಚಿ ಅಭ್ಯಾಸ ಮಾಡಿದಳು: “ಸರ್, ಸಿಟ್ಟಾಗಬ್ಯಾಡ್ರಿ, ತಾವು ಒಂದೀಟು ನಿಲ್ಲಿಸಿದ್ರ ಚೊಲೋ ಆಕ್ಕಿತ್ತೇನೋ ಅಂತ ಅನಸ್ತೈತ್ರಿ.” ಈ ವಾಕ್ಯ ಮುಗಿಯುವುದರೊಳಗೆ ರೋಗಿ ಹೊಲಿಗೆ ಬಿಚ್ಚಿಸಿಕೊಂಡು ಊರು ಸೇರಿರುತ್ತಾನೆ ಎಂದು ವಿವರಿಸಿದೆ. ಬರಬರುತ್ತಾ “ನಿಲ್ರಿ ಸರ್” ಎಂಬಷ್ಟಕ್ಕೆ ಇಳಿಸಿದೆವು.

ಮೂರನೆಯ ದಿನ. ನಾನು ಒಂದು ಬಟ್ಟೆಯನ್ನು ಹತ್ತಿಯ ಮಡಿಕೆಯಲ್ಲಿ ಜಾಣತನದಿಂದ ತುರುಕಿ, ಜೊತೆಗಿದ್ದವರಿಗೆ ನನ್ನ ಹಳೆಯದೊಂದು ಕಷ್ಟದ ಆಪರೇಷನ್ನಿನ ಕಥೆ ಹೇಳುತ್ತಾ ಕೆಲಸ ಮುಗಿಸಿದೆ. “ದಾರ.”

“ನಿಲ್ರಿ ಸರ್!” ಎಂದಳು ಗಿರಿಜಾ. ನನ್ನ ಎದೆ ಹಿಗ್ಗಿತು. ಆದರೆ ಅವಳು ಮುಂದುವರಿಸಿದಳು: “ಎಂಟ ಅದಾವ್ರಿ. ಎರಡು ಕಮ್ಮಿ.”

“ಎರಡಲ್ಲ, ಒಂದು,” ಎಂದೆ.

“ಎರಡ್ರಿ.”

“ಇಟ್ಟಾಂವ ನಾನು! ನನಗ ಗೊತ್ತಿಲ್ಲೇನು? ಒಂದ! ದಾರ ಕೊಡು!” ಇದು ನಾಟಕವಾಗಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಅಸಲಿ ದನಿ. ಗೋಡೆಯ ಪಕ್ಕದಲ್ಲಿದ್ದ ವಾರ್ಡ್ ಬಾಯ್ ಇನ್ನಷ್ಟು ಗೋಡೆಗೆ ಒತ್ತಿಕೊಂಡ.

ಗಿರಿಜಾ ಎರಡೂ ಕೈಗಳನ್ನು ಹತ್ತಿ ರೋಗಿಯ ಹೊಟ್ಟೆಯ ಮೇಲೆ ಅಡ್ಡ ಇಟ್ಟಳು. “ದಾರ ಕೊಡಂಗಿಲ್ರಿ. ಮೊದಲ ಹುಡುಕೋಣ್ರಿ.”

ಹುಡುಕಿದೆವು. ನಾನಿಟ್ಟದ್ದು ಇಟ್ಟಲ್ಲೇ ಸಿಕ್ಕಿತು. ಇನ್ನೊಂದು, ಕೆಳಗೆ ಆಳದಲ್ಲಿ, ನಾನು ಕಥೆ ಹೇಳುತ್ತಾ ನನಗೇ ತಿಳಿಯದೆ ಒತ್ತಿಬಿಟ್ಟ ಜಾಗದಲ್ಲಿ ಸಿಕ್ಕಿತು. ಅದು ಬರೀ ಹತ್ತಿ ಎಂದು ನಾನು ನನಗೇ ಎರಡು ಸಲ ಹೇಳಿಕೊಳ್ಳಬೇಕಾಯಿತು. ನನ್ನ ಪಕ್ಕದಲ್ಲಿ ಇಷ್ಟು ವರ್ಷ ತುಟಿ ಬಿಚ್ಚದೆ ನಿಂತಿದ್ದ ಎಷ್ಟೋ ಹುಡುಗಿಯರ ಕಣ್ಣುಗಳು, ಮಾಸ್ಕಿನ ಮೇಲಿನ ಬರೀ ಕಣ್ಣುಗಳು, ನೆನಪಿಗೆ ಬಂದವು.

“ತಪ್ಪಾತ್ರಿ ಸರ್, ಜೋರ್ ಅಂದ್ಬಿಟ್ನಿ,” ಎಂದಳು ಗಿರಿಜಾ.

“ಇನ್ನೂ ಜೋರ್ ಅನ್ನಬೇಕಾಗಿತ್ತವಾ,” ಎಂದೆ. ನನ್ನ ಮುಖ ಯಾರಿಗೂ ಕಾಣಲಿಲ್ಲ. ಮಾಸ್ಕಿನ ಉಪಯೋಗಗಳಲ್ಲಿ ಇದೂ ಒಂದು.

ಡಾಕ್ಟರ್ ಶಬಾನಾ ಪಾಸು-ಫೇಲು ಬರೆದುಕೊಳ್ಳುತ್ತಿದ್ದ ಹಾಳೆಯಲ್ಲಿ ಸರ್ಜನ್ನರಿಗೂ ಒಂದು ಕಾಲಂ ಇತ್ತೆಂಬುದು ನನಗೆ ಆಮೇಲೆ ತಿಳಿಯಿತು. ಗಿರಿಜಾ ಸೋಮವಾರದಿಂದ ಥಿಯೇಟರಿನಲ್ಲಿದ್ದಾಳೆ. ನಾನು ಮುಂದಿನ ಬುಧವಾರ ಮಧ್ಯಾಹ್ನ ಮೂರಕ್ಕೆ ತರಬೇತಿಗೆ ಮತ್ತೆ ಹಾಜರಾಗಬೇಕು.